ಹಳೇ ಎಸ್ಸೆಸ್ಸೆಲ್ಸಿ ಬ್ಯಾಚಿನ ಒಬ್ಬೊಬ್ಬರ ಬಗ್ಗೆನೂ ನಗೋ ಹಾಗೆ ನಾಲ್ಕು ಸಾಲು ಬರೆಯೋದು ಹೇಗೆ

ಈಗ ಎಲ್ಲಾ ಊರಲ್ಲೂ ಗುರುವಂದನೆ, ಸ್ನೇಹ ಸಮ್ಮಿಲನ ಅಂತ ಹಳೇ ಬ್ಯಾಚಿನವರು ಸೇರ್ತಿದಾರೆ. ಸ್ಕೂಲು ಬಿಟ್ಟು ಇಪ್ಪತ್ತೈದು ವರ್ಷ ಆದವರು, ಮೂವತ್ತೈದು ಆದವರು, ಎಲ್ಲಾ ಬಂದು ಮೇಷ್ಟ್ರಿಗೆ ಶಾಲು ಹೊದಿಸಿ, ಹಾರ ಹಾಕಿ, ಹಣ್ಣಿನ ಬುಟ್ಟಿ ಕೊಟ್ಟು ಕಾಲಿಗೆ ಬಿದ್ದು, ಊಟ ಮಾಡ್ಕೊಂಡು ಹೋಗ್ತಾರೆ. ತುಂಬಾ ಒಳ್ಳೇ ಕೆಲಸ. ಅದರ ಜೊತೆ ಒಂದು ಸ್ಮರಣ ಸಂಚಿಕೆನೂ ತರ್ತಾರೆ. ಅದನ್ನ ತೆಗೆದ್ರೆ ಮೊದಲು ಶುಭ ಸಂದೇಶಗಳು, ಆಮೇಲೆ ಜಾಹೀರಾತು, ಆಮೇಲೆ ಒಂದು ಲಿಸ್ಟು: ಹೆಸರು, ಹುದ್ದೆ, ಊರು, ಫೋನ್ ನಂಬರ್. ಅಷ್ಟೇ. ನಮ್ಮ ಕ್ಲಾಸು ಆ ಲಿಸ್ಟಲ್ಲಿ ಎಲ್ಲೂ ಕಾಣೋದಿಲ್ಲ. ಇಂಜಿನಿಯರ್ ಆದವನು, ತಹಸೀಲ್ದಾರ್ ಆದವಳು, ಅಡಿಕೆ ತೋಟ ನೋಡ್ಕೊಂಡಿರೋನು ಎಲ್ಲಾ ಇದಾರೆ, ಆದ್ರೆ ಹದಿನಾರನೇ ವಯಸ್ಸಲ್ಲಿ ಪಕ್ಕದ ಬೆಂಚಲ್ಲಿ ಕೂತಿದ್ದೋರು ಯಾರೂ ಇಲ್ಲ.

ಅದಕ್ಕೇ ನಾನು ಹೇಳೋದು, ಸಂಚಿಕೆ ಮಾಡೋದಾದ್ರೆ ಬ್ಯಾಚಿನ ಪ್ರತಿಯೊಬ್ಬರಿಗೂ ಒಂದೊಂದು ಪುಟ್ಟ ಪರಿಚಯ ಬರೀರಿ, ಓದಿದ ತಕ್ಷಣ ನಗು ಬರೋ ಅಂಥದ್ದು, ಮತ್ತೆ ಅದರಲ್ಲಿ ಅವರು ಈಗ ಏನಾಗಿದಾರೆ ಅನ್ನೋದು ಬೇಡ, ಆಗ ಹೇಗಿದ್ರು ಅನ್ನೋದು ಬರಲಿ. ನಮ್ಮ ಬ್ಯಾಚಿಗೆ ಈ ಕೆಲಸ ಮಾಡಿದೀವಿ, ಆಮೇಲೆ ಬೇರೆ ಬ್ಯಾಚಿನವರು ಮಾಡುವಾಗಲೂ ಜೊತೆಗೆ ಕೂತಿದೀನಿ, ಆದ್ದರಿಂದ ಎಲ್ಲಿಂದ ಶುರು ಮಾಡಬೇಕು, ಎಲ್ಲಿ ಜೋಪಾನ ಅನ್ನೋದನ್ನ ಬರೀತಿದೀನಿ. ನಾನು ಮನಸ್ಸಲ್ಲಿ ಇಟ್ಕೊಂಡಿರೋದು ಎಂಬತ್ತು ತೊಂಬತ್ತರ ದಶಕದ ಬ್ಯಾಚುಗಳನ್ನ, ಅಂದ್ರೆ ಮೊಬೈಲು ಇಲ್ಲದ ಕಾಲ, ಇಡೀ ಮೂರು ವರ್ಷಕ್ಕೆ ಒಂದೇ ಒಂದು ಗ್ರೂಪ್ ಫೋಟೋ ಇರೋ ಕಾಲ, ರಿಸಲ್ಟು ಪೇಪರಲ್ಲಿ ರಿಜಿಸ್ಟರ್ ನಂಬರ್ ಹುಡುಕಿ ನೋಡ್ತಿದ್ದ ಕಾಲ.

ಮೊದಲು ಹೆಸರುಗಳು. ವಾಟ್ಸಾಪ್ ಗ್ರೂಪಲ್ಲಿ ಇರೋರೇ ಬ್ಯಾಚು ಅಂತ ದಯವಿಟ್ಟು ಅಂದ್ಕೋಬೇಡಿ. ಗ್ರೂಪಲ್ಲಿ ಇರೋರು ಸಿಕ್ಕಿದೋರು ಅಷ್ಟೇ. ಸ್ಕೂಲಿಗೆ ಹೋಗಿ ಈಗಿನ ಎಚ್‌ಎಮ್ ಹತ್ರ ಮಾತಾಡಿ, ಒಂದು ಮನವಿ ಪತ್ರ ಬರೆದುಕೊಟ್ಟು ಹಳೇ ದಾಖಲಾತಿ ರಿಜಿಸ್ಟರು, ಹಾಜರಿ ಪುಸ್ತಕ ಇದ್ರೆ ತೋರಿಸಿ ಅಂತ ಕೇಳಿ, ಹೆಸರಷ್ಟೇ ಬರ್ಕೊಳ್ತೀವಿ, ಜಾತಿ ಕಾಲಮ್ಮು ಹುಟ್ಟಿದ ತಾರೀಕು ಏನೂ ಬೇಡ ಅಂತ ಮೊದಲೇ ಹೇಳಿಬಿಡಿ. ಎಂಟನೇ ಕ್ಲಾಸಿಂದ ನೋಡಿ. ಎಂಟರಲ್ಲಿ ಇದ್ದು ಹತ್ತಕ್ಕೆ ಬರೋಷ್ಟರಲ್ಲಿ ಬಿಟ್ಟವರು ಇರ್ತಾರೆ, ಮದುವೆ ಮಾಡಿಬಿಟ್ಟ ಹುಡುಗಿಯರು, ಅಪ್ಪ ತೀರ್ಕೊಂಡು ಅಂಗಡಿಗೆ ಸೇರಿದ ಹುಡುಗ, ಹಾಸ್ಟೆಲ್ ಬಿಟ್ಟು ಊರಿಗೆ ಹೋದವನು. ಅವರೂ ನಮ್ಮ ಕ್ಲಾಸೇ. ಪರೀಕ್ಷೆ ಬರೆದೋರಿಗೆ ಮಾತ್ರ ಸಂಚಿಕೆ ಅಂತ ಎಲ್ಲೂ ಕಾನೂನಿಲ್ಲ.

ಗ್ರೂಪ್ ಫೋಟೋ ಇನ್ನೊಂದು ದಾಖಲೆ. ಮುಂದೆ ಕುರ್ಚಿ ಮೇಲೆ ಮೇಷ್ಟ್ರುಗಳು, ಮಧ್ಯ ಎಚ್‌ಎಮ್, ನೆಲದ ಮೇಲೆ ಹುಡುಗಿಯರು, ಹಿಂದೆ ಬೆಂಚು ಹತ್ತಿ ನಿಂತಿರೋ ಹುಡುಗರು, ಮುಂದೆ ಸ್ಲೇಟಲ್ಲಿ ಸೀಮೆಸುಣ್ಣದಲ್ಲಿ ಬರೆದ ಇಸವಿ. ಅದನ್ನ ದೊಡ್ಡದಾಗಿ ಪ್ರಿಂಟ್ ಹಾಕಿಸಿ ನಾಲ್ಕೈದು ಜನ ಒಟ್ಟಿಗೆ ಕೂತು ತಲೆ ಎಣಿಸ್ತಾ ಹೆಸರು ಹೇಳ್ತಾ ಹೋಗಿ, ನಿಮಗೇ ಗೊತ್ತಿಲ್ಲದ ಹಾಗೆ ಕಥೆಗಳು ಹೊರಗೆ ಬರ್ತವೆ. ಆದ್ರೆ ಫೋಟೋ ದಿನ ಬರದೇ ಇದ್ದೋರು ಇರ್ತಾರೆ ಅನ್ನೋದು ನೆನಪಿರಲಿ. ಕೆಲವರ ಹತ್ರ ಕಾಪಿ ತಗೊಳ್ಳೋಕೆ ದುಡ್ಡಿರಲಿಲ್ಲ, ಅದಕ್ಕೇ ಆ ದಿನ ರಜೆ ಹಾಕಿದ್ರು. ಹಾಜರಿ ಪುಸ್ತಕ ಮತ್ತು ಫೋಟೋ ಎರಡನ್ನೂ ಪಕ್ಕಪಕ್ಕ ಇಟ್ಕೊಂಡು ತಾಳೆ ನೋಡಿದ್ರೆ ಮಾತ್ರ ಅವರು ಸಿಗೋದು.

ಹೆಣ್ಮಕ್ಕಳನ್ನ ಹುಡುಕೋದು ಕಷ್ಟ, ಆದ್ರೆ ಆಗದ ಕೆಲಸ ಅಲ್ಲ. ಮದುವೆ ಆಗಿ ಬೇರೆ ಊರು, ಇನಿಶಿಯಲ್ಲು ಬದಲು, ಫೇಸ್‌ಬುಕ್ಕಲ್ಲಿ ಹುಡುಕಿದ್ರೆ ಸಿಗಲ್ಲ. ತವರು ಮನೆ ಎಲ್ಲಿತ್ತು ಅಂತ ಯಾರಿಗಾದ್ರೂ ಗೊತ್ತಿರುತ್ತೆ, ಅಲ್ಲಿ ಅಣ್ಣನೋ ತಮ್ಮನೋ ಇರ್ತಾನೆ, ಊರ ಜಾತ್ರೆಗೋ ಗೌರಿ ಹಬ್ಬಕ್ಕೋ ಬಂದೇ ಬರ್ತಾಳೆ. ಈ ಕೆಲಸಕ್ಕೆ ಬ್ಯಾಚಿನ ಹೆಣ್ಮಕ್ಕಳೇ ಇಬ್ಬರು ಮುಂದೆ ನಿಂತ್ಕೊಂಡ್ರೆ ಬೇಗ ಆಗುತ್ತೆ, ಹುಡುಗರು ಹೋಗಿ ತವರು ಮನೆ ಬಾಗಿಲು ತಟ್ಟೋದಕ್ಕಿಂತ ಅದು ಎಲ್ಲರಿಗೂ ನೆಮ್ಮದಿ.

ಹೆಸರು ಆಯ್ತು, ಈಗ ನೆನಪು ಕೂಡಿಸೋದು. ಇಲ್ಲಿ ಬಹಳ ಜನ ಒಂದು ಗೂಗಲ್ ಫಾರಂ ಮಾಡಿ ಕಳಿಸ್ತಾರೆ, ನಿಮ್ಮ ಶಾಲಾ ದಿನಗಳ ಮರೆಯಲಾಗದ ಘಟನೆ ಬರೆಯಿರಿ ಅಂತ. ಅದಕ್ಕೆ ಬರೋ ಉತ್ತರ ಎಲ್ಲಾ ಒಂದೇ ತರ, ಆ ದಿನಗಳು ಸುವರ್ಣ ದಿನಗಳು, ನಮ್ಮ ಗುರುಗಳು ದೇವರ ಸಮಾನ. ನಿಜಾನೇ, ಆದ್ರೆ ಪರಿಚಯ ಬರೆಯೋಕೆ ಅದು ಸಾಕಾಗಲ್ಲ. ಫೋನ್ ಮಾಡಿ. ರಾತ್ರಿ ಊಟ ಆದ್ಮೇಲೆ ಮಾಡಿ, ಆ ಹೊತ್ತಲ್ಲಿ ಜನ ಮಾತಾಡ್ತಾರೆ. ಮತ್ತೆ ಅವರ ಬಗ್ಗೆ ಅವರನ್ನೇ ಕೇಳಬೇಡಿ, ಅವರ ಪಕ್ಕ ಕೂತಿದ್ದೋರ ಬಗ್ಗೆ ಕೇಳಿ. ಯಾರೂ ತಮ್ಮ ಬಗ್ಗೆ ಚೆನ್ನಾಗಿ ಹೇಳ್ಕೊಳ್ಳಲ್ಲ, ಪಕ್ಕದ ಬೆಂಚಿನವನ ಬಗ್ಗೆ ಮಾತ್ರ ಅರ್ಧ ಗಂಟೆ ಹೇಳ್ತಾರೆ.

ಕೇಳೋ ಪ್ರಶ್ನೆ ಚಿಕ್ಕದಾಗಿರ್ಬೇಕು. ಅವನು ಹೇಗಿದ್ದ ಅಂತ ಕೇಳಿದ್ರೆ ತುಂಬಾ ಒಳ್ಳೆಯವನು ಅನ್ನೋ ಉತ್ತರ ಬರುತ್ತೆ. ಅದರ ಬದಲು ಯಾವ ಬೆಂಚಲ್ಲಿ ಕೂರ್ತಿದ್ದ, ಸ್ಕೂಲಿಗೆ ಹೇಗೆ ಬರ್ತಿದ್ದ, ನಡ್ಕೊಂಡೋ ಸೈಕಲ್ಲೋ ಕೆಂಪು ಬಸ್ಸೋ, ಬಸ್ಸು ತಪ್ಪಿದ್ರೆ ಏನ್ ಮಾಡ್ತಿದ್ದ, ಮಧ್ಯಾಹ್ನ ಡಬ್ಬೀಲಿ ಏನ್ ಇರ್ತಿತ್ತು, ಡಬ್ಬಿ ಯಾರ್ ಜೊತೆ ಬದಲಾಯಿಸ್ಕೊಳ್ತಿದ್ದ, ಯಾವ ಪೀರಿಯಡ್ ಬಂದ್ರೆ ಹೊಟ್ಟೆನೋವು ಬರ್ತಿತ್ತು, ಕೈಬರಹ ಹೇಗಿತ್ತು, ಖೋ ಖೋದಲ್ಲಿ ಕಂಬ ಹಿಡಿತಿದ್ದನಾ, ಕಬಡ್ಡೀಲಿ ಯಾರ ಕಾಲು ಹಿಡಿತಿದ್ದ, ಮಾತಾಡಿದವರ ಹೆಸರು ಬೋರ್ಡ್ ಮೇಲೆ ಬರೀವಾಗ ಯಾರ ಹೆಸರು ಬಿಟ್ಟುಬಿಡ್ತಿದ್ದ. ಇಂಥ ಪ್ರಶ್ನೆ ಹತ್ತು ಕೇಳಿದ್ರೆ ಒಂದಾದ್ರೂ ಬೆಂಕಿ ಹತ್ಕೊಳ್ಳುತ್ತೆ, ಅಯ್ಯೋ ಅದು ಹೇಳೋದೇ ಮರ್ತೆ ಕಣೋ ಅಂತ ಶುರು ಆಗುತ್ತೆ. ಅದೇ ನಿಮಗೆ ಬೇಕಿರೋದು. ಹೇಳೋರ ಒಪ್ಪಿಗೆ ತಗೊಂಡು ರೆಕಾರ್ಡ್ ಮಾಡ್ಕೊಳ್ಳಿ, ಯಾಕಂದ್ರೆ ಅವರು ಹೇಳೋ ಮಾತಿನ ಧಾಟಿನೇ ಅರ್ಧ ಕೆಲಸ ಮುಗಿಸುತ್ತೆ.

ಮೇಷ್ಟ್ರುಗಳನ್ನೂ ಕೇಳಿ, ಅದಕ್ಕಿಂತ ಮುಖ್ಯವಾಗಿ ಗಂಟೆ ಹೊಡೀತಿದ್ದ ಅಟೆಂಡರು ಇನ್ನೂ ಇದ್ರೆ ಅವರನ್ನ ಕೇಳಿ. ಯಾರು ಯಾವ ಕಾಂಪೌಂಡು ಹಾರಿ ಹೋಗ್ತಿದ್ರು ಅನ್ನೋದು ಮೇಷ್ಟ್ರಿಗೆ ಗೊತ್ತಿರಲ್ಲ, ಅವರಿಗೆ ಗೊತ್ತಿರುತ್ತೆ. ಸ್ಕೂಲ್ ಗೇಟ್ ಹತ್ರ ಐಸ್‌ಕ್ಯಾಂಡಿ, ನೆಲ್ಲಿಕಾಯಿ, ಎಲಚಿ ಹಣ್ಣು ಮಾರ್ತಿದ್ದ ಅಜ್ಜಿ ಇದ್ರಂತೂ ಯಾರ ಸಾಲ ಎಷ್ಟು ಅನ್ನೋದರ ಸಮೇತ ಸಿಗುತ್ತೆ.

ಆಟೋಗ್ರಾಫ್ ಪುಸ್ತಕ ಮರೀಬೇಡಿ. ಬಣ್ಣ ಬಣ್ಣದ ಹಾಳೆಯ ಪುಟ್ಟ ಪುಸ್ತಕ, ಬೀಳ್ಕೊಡುಗೆ ಸಮಾರಂಭದ ದಿನ ಎಲ್ಲರ ಕೈಲೂ ತಿರುಗ್ತಿತ್ತು, ಪ್ರಾಸ ಹಾಕಿದ ನಾಲ್ಕು ಸಾಲು, ಕೆಳಗೆ ಸೊಟ್ಟ ಸಹಿ, ಮೂಲೇಲಿ ಒಂದು ಗುಲಾಬಿ ಹೂವಿನ ಚಿತ್ರ. ಕೆಲವದರಲ್ಲಿ ಮೆಚ್ಚಿನ ನಟ, ಮೆಚ್ಚಿನ ತಿಂಡಿ, ಜೀವನದ ಗುರಿ ಅಂತೆಲ್ಲಾ ಇರ್ತಿತ್ತು. ಯಾರದ್ದಾದ್ರೂ ಮನೆ ಅಟ್ಟದ ಮೇಲೆ ಟ್ರಂಕಲ್ಲಿ ಇದ್ದೇ ಇರುತ್ತೆ, ಹೆಚ್ಚಾಗಿ ಹೆಣ್ಮಕ್ಕಳ ಹತ್ರ. ಹದಿನಾರು ವಯಸ್ಸಲ್ಲಿ ಅವರೇ ಬರೆದ ಸಾಲಿಗಿಂತ ಒಳ್ಳೇ ಸಾಕ್ಷಿ ಇನ್ನೊಂದಿಲ್ಲ. ಆದ್ರೆ ಅದು ಒಬ್ಬರು ಇನ್ನೊಬ್ಬರಿಗೆ ಬರೆದದ್ದು, ಹಾಗಾಗಿ ಬರೆದೋರು ಮತ್ತು ಪುಸ್ತಕದ ಒಡೆಯರು ಇಬ್ಬರನ್ನೂ ಕೇಳದೆ ಅಚ್ಚು ಹಾಕಬೇಡಿ.

ನೆನಪು ಇಸವಿ ತಪ್ಪುತ್ತೆ, ಇದನ್ನ ಒಪ್ಪಿಕೊಂಡೇ ಕೆಲಸ ಮಾಡ್ಬೇಕು. 1985ರ ಬ್ಯಾಚಿನವರು ಕ್ಲಾಸಲ್ಲಿ ಪ್ರೇಮಲೋಕದ ಹಾಡು ಹೇಳ್ತಿದ್ವಿ ಅಂತಾರೆ, ಆ ಸಿನಿಮಾ ಬಂದಿದ್ದೇ 1987ರಲ್ಲಿ, ಅಂದ್ರೆ ಅದು ಪಿಯುಸಿನೋ ಆಮೇಲಿಂದೋ ನೆನಪು. ಭಾನುವಾರ ಬೆಳಗ್ಗೆ ಇಡೀ ಬೀದಿ ಒಂದೇ ಮನೇಲಿ ಕೂತು ರಾಮಾಯಣ ನೋಡಿದ್ದು 1987ರ ಜನವರಿಯಿಂದ 88ರ ಜುಲೈವರೆಗೆ, ಮಹಾಭಾರತ ಶುರು ಆಗಿದ್ದು 88ರ ಅಕ್ಟೋಬರಲ್ಲಿ. ಕಪಿಲ್ ದೇವ್ ಕಪ್ ಎತ್ತಿದ್ದು 1983ರ ಜೂನ್. ಚಿನ್ನಸ್ವಾಮಿ ಸ್ಟೇಡಿಯಮ್ಮಲ್ಲಿ ವೆಂಕಟೇಶ್ ಪ್ರಸಾದ್ ಪಾಕಿಸ್ತಾನದ ಅಮೀರ್ ಸೊಹೈಲನ್ನ ಬೌಲ್ಡ್ ಮಾಡಿದ್ದು 1996ರ ಮಾರ್ಚ್ 9, ಆ ವರ್ಷದ ಎಸ್ಸೆಸ್ಸೆಲ್ಸಿ ಹುಡುಗರಿಗೆ ಪರೀಕ್ಷೆ ತಲೆ ಮೇಲೆ ಬಂದು ಕೂತಿದ್ದ ಹೊತ್ತು, ಅವತ್ತು ರಾತ್ರಿ ಓದ್ತಿದ್ದೆ ಅಂತ ಯಾರಾದ್ರೂ ಹೇಳಿದ್ರೆ ಇನ್ನೊಂದು ಸಲ ಕೇಳಿ ನೋಡಿ. ಇಂಥ ತಾರೀಕುಗಳನ್ನ ಒಂದು ಹಾಳೇಲಿ ಬರೆದು ಗೋಡೆಗೆ ಅಂಟಿಸ್ಕೊಳ್ಳಿ, ಬಂದ ಕಥೆನೆಲ್ಲಾ ಅದಕ್ಕೆ ಹೊಂದಿಸಿ ನೋಡಿ. ಮತ್ತೆ ಯಾವ ಕಥೆನೂ ಇಬ್ಬರ ಬಾಯಲ್ಲಿ ಬರದೆ ಅಚ್ಚಿಗೆ ಹೋಗಬಾರದು. ಒಬ್ಬನು ಮಾಡಿದ ಕೀಟಲೆ ಇನ್ನೊಬ್ಬನ ಹೆಸರಿಗೆ ಬರೆದುಬಿಟ್ರೆ ಮೂಲ ಕೀಟಲೆಯವನಿಗೆ ಆಗೋ ಬೇಜಾರು ಅಷ್ಟಿಷ್ಟಲ್ಲ.

ಈಗ ತಮಾಷೆ ವಿಷಯ. ನಮ್ಮಲ್ಲಿ ಇದಕ್ಕೆ ಒಂದು ಹಳೇ ದಾರಿ ಇದ್ದೇ ಇತ್ತು, ಫಿಶ್‌ಪಾಂಡ್. ಸ್ಕೂಲ್ ಡೇಗೋ ಸೆಂಡಾಫಿಗೋ ಒಂದು ಡಬ್ಬಿ ಇಟ್ಟು ಯಾರು ಬೇಕಾದ್ರೂ ಯಾರ ಬಗ್ಗೆ ಬೇಕಾದ್ರೂ ಒಂದು ಸಾಲು ಬರೆದು ಹಾಕೋದು, ಆಮೇಲೆ ಸ್ಟೇಜ್ ಮೇಲೆ ಒಬ್ಬೊಬ್ಬರ ಹೆಸರು ಕೂಗಿ ಓದೋದು. ಅದರಲ್ಲಿ ನಿಜವಾಗ್ಲೂ ಬುದ್ಧಿವಂತಿಕೆಯ ಸಾಲುಗಳು ಇರ್ತಿದ್ವು, ಗಾದೆ ತಿರುಗಿಸಿದ್ದು, ಜಾಹೀರಾತು ತಿರುಗಿಸಿದ್ದು. ಆದ್ರೆ ಹೆಸರಿಲ್ಲದೆ ಬರೆಯೋದರಿಂದ ಕೆಲವು ಚುಚ್ಚುತಿದ್ವು, ಬಣ್ಣದ ಮೇಲೆ, ದಪ್ಪ ಸಣ್ಣದ ಮೇಲೆ, ಹಲ್ಲಿನ ಮೇಲೆ, ಯಾರ ಹಿಂದೆ ಯಾರು ಅನ್ನೋದರ ಮೇಲೆ. ಮೂವತ್ತು ವರ್ಷ ಆದ್ರೂ ಅದನ್ನ ಮರೆಯದೆ ಇರೋ ಹೆಣ್ಮಕ್ಕಳು ನನಗೆ ಗೊತ್ತು. ಹಾಗಾಗಿ ಫಿಶ್‌ಪಾಂಡಿನ ಚುರುಕು ಇಟ್ಕೊಳ್ಳಿ, ಮುಳ್ಳು ತೆಗೀರಿ. ಮೈ ಬಣ್ಣ, ಮೈ ಆಕಾರ, ಬಡತನ, ಜಾತಿ, ಅಪ್ಪ ಅಮ್ಮನ ಕಸುಬು, ಫೇಲು, ಮೇಷ್ಟ್ರ ಹತ್ರ ತಿಂದ ಏಟು, ಯಾರಿಗೆ ಯಾರು ಇಷ್ಟ ಆಗಿದ್ರು, ಇವು ಯಾವುದೂ ಬೇಡ. ಕೊನೇದರ ಬಗ್ಗೆ ಜಗಳಕ್ಕೆ ಬರ್ತಾರೆ, ಅದೇ ತಾನೇ ಮಜಾ ಅಂತಾರೆ. ಈಗ ಅವರಿಗೆ ಗಂಡ ಹೆಂಡತಿ ಸೊಸೆ ಅಳಿಯ ಇದಾರೆ, ಪುಸ್ತಕ ಮನೇಲಿ ಟೀಪಾಯಿ ಮೇಲೆ ಬಿದ್ದಿರುತ್ತೆ. ಬೇಡ ಅಂದ್ರೆ ಬೇಡ.

ಅಡ್ಡಹೆಸರು ಸೂಕ್ಷ್ಮ ವಿಷಯ. ಒಂದೇ ಕ್ಲಾಸಲ್ಲಿ ಮೂರು ಜನ ಮಂಜುನಾಥ, ನಾಲ್ಕು ಜನ ಲಕ್ಷ್ಮಿ ಇದ್ದ ಕಾಲ, ಹಾಗಾಗಿ ಉದ್ದ ಮಂಜ, ಬಸ್‌ಸ್ಟ್ಯಾಂಡ್ ಮಂಜ, ಸೈಕಲ್ ಮಂಜ ಅಂತ ಆಗಿದ್ವು, ಅದರಲ್ಲಿ ತೊಂದರೆ ಇಲ್ಲ. ಆದ್ರೆ ಕುಂಟ, ಕರಿಯ, ತೊದಲ ಅಂತ ಕರೀತಿದ್ದೋರಿಗೆ ಅದು ಆಗಲೂ ತಮಾಷೆ ಆಗಿರಲಿಲ್ಲ. ನನ್ನ ಪ್ರಕಾರ ಅಡ್ಡಹೆಸರು ಹಾಕೋ ಮುಂಚೆ ಫೋನ್ ಮಾಡಿ ನೇರವಾಗಿ ಕೇಳೋದೇ ಸರಿ. ಎಷ್ಟೋ ಜನ ನಕ್ಕು ಹಾಕೋ ಮಾರಾಯ ಅಂತಾರೆ, ಸುಮ್ಮನೆ ಒಂದು ಕ್ಷಣ ತಡೆದು ಹೂಂ ಅಂದ್ರೆ ಆ ಹೂಂ ಅನ್ನೋದನ್ನ ಬೇಡ ಅಂತಲೇ ತಿಳ್ಕೊಳ್ಳಿ. ಮೇಷ್ಟ್ರಿಗೆ ಇಟ್ಟಿದ್ದ ಅಡ್ಡಹೆಸರು ಮಾತ್ರ ಪೂರ್ತಿ ಹೊರಗಿಡಿ, ಅವರನ್ನ ಸನ್ಮಾನಕ್ಕೆ ಕರೆದಿರೋದು.

ಸರಿ, ಬರೆಯೋದು. ಸಾಮಾನ್ಯವಾಗಿ ಬರೋ ಪರಿಚಯ ಹೀಗಿರುತ್ತೆ: ಶ್ರೀಯುತರು ಶಾಲಾ ದಿನಗಳಲ್ಲಿ ಅತ್ಯಂತ ಚುರುಕಾದ, ಸ್ನೇಹಪರ ವಿದ್ಯಾರ್ಥಿಯಾಗಿದ್ದು ಎಲ್ಲರ ಮೆಚ್ಚುಗೆಗೆ ಪಾತ್ರರಾಗಿದ್ದರು. ಈ ಸಾಲನ್ನ ಯಾರ ಫೋಟೋ ಕೆಳಗೆ ಹಾಕಿದ್ರೂ ಸರಿಹೋಗುತ್ತೆ, ಅಂದ್ರೆ ಅದು ಯಾರದ್ದೂ ಅಲ್ಲ. ಬರೆದಾದ ಮೇಲೆ ಈ ಪರೀಕ್ಷೆ ಮಾಡಿ, ಹೆಸರು ಮುಚ್ಚಿ ಇನ್ನೊಬ್ಬ ಕ್ಲಾಸ್‌ಮೇಟಿಗೆ ಓದಿ ಹೇಳಿ, ಅವರು ಥಟ್ ಅಂತ ಹೆಸರು ಹೇಳಿದ್ರೆ ಪಾಸು. ಇಲ್ಲ ಅಂದ್ರೆ ವಾಪಸ್ ಫೋನ್ ಹಚ್ಚಿ.

ಒಬ್ಬರಿಗೆ ಒಂದೇ ಒಂದು ಸಂಗತಿ ಸಾಕು. ಒಂದು ವಸ್ತು, ಒಂದು ಅಭ್ಯಾಸ, ಒಂದು ದಿನ ನಡೆದದ್ದು. ಎಂಬತ್ತರಿಂದ ನೂರು ಪದದ ಒಳಗೆ. ಚುರುಕು, ತುಂಟ, ಮೌನಿ ಅನ್ನೋ ಪದಗಳನ್ನೇ ಬಿಟ್ಟುಬಿಡಿ, ಮಾಡಿದ್ದು ಹೇಳಿದ್ರೆ ಓದೋರಿಗೇ ಗೊತ್ತಾಗುತ್ತೆ. ಕೆಲವು ಉದಾಹರಣೆ ಕೊಡ್ತೀನಿ, ಹೆಸರು ತೆಗೆದು, ಗುರುತು ಸಿಗದ ಹಾಗೆ ಅಲ್ಪಸ್ವಲ್ಪ ಬದಲಾಯಿಸಿ.

"ಇಡೀ ಕ್ಲಾಸಲ್ಲಿ ಕೈಗೆ ವಾಚು ಕಟ್ಟಿದ್ದೋನು ಇವನೊಬ್ಬನೇ, ಎಚ್‌ಎಂಟಿ, ಸೋದರಮಾವ ಕೊಟ್ಟಿದ್ದು. ಕೊನೇ ಪೀರಿಯಡ್ ಗಣಿತ. ಮೂರನೇ ಬೆಂಚಿಂದ ಎಡಗೈ ಬೆನ್ನ ಹಿಂದೆ ಇಟ್ಟು ಬೆರಳಲ್ಲಿ ಇನ್ನೆಷ್ಟು ನಿಮಿಷ ಅಂತ ತೋರಿಸೋನು, ಹಿಂದಿನವರೆಲ್ಲಾ ಬೋರ್ಡ್ ಬಿಟ್ಟು ಆ ಬೆರಳನ್ನೇ ನೋಡ್ತಾ ಕೂರೋರು. ಒಂದು ದಿನ ಮೇಷ್ಟ್ರು ಬೋರ್ಡಿಂದ ತಿರುಗದೆನೇ ಎಷ್ಟಿದೆಯೋ ಅಂದ್ರು. ನಾಲ್ಕು ನಿಮಿಷ ಸಾರ್ ಅಂದ. ಹಾಗಾದ್ರೆ ಇನ್ನೊಂದು ಲೆಕ್ಕ ಆಗುತ್ತೆ ಬಿಡು ಅಂದ್ರು. ಹಿಂದಿನ ಬೆಂಚಿನವರು ಆ ವಾರ ಪೂರ್ತಿ ಇವನ ಜೊತೆ ಮಾತಾಡಲಿಲ್ಲ."

"ಇವಳ ಜಾಮಿಟ್ರಿ ಬಾಕ್ಸಲ್ಲಿ ಕೈವಾರ ಒಂದಿನಾನೂ ಇರ್ತಿರಲಿಲ್ಲ, ಪೇಪರಲ್ಲಿ ಕಟ್ಟಿದ ಉಪ್ಪು ಖಾರದಪುಡಿ ಮಾತ್ರ ಇದ್ದೇ ಇರ್ತಿತ್ತು. ಹುಣಸೆಕಾಯಿ, ನೆಲ್ಲಿಕಾಯಿ, ಮಾವಿನಕಾಯಿ, ಯಾವ ಕಾಲಕ್ಕೆ ಏನು ಬಂದ್ರೂ ಇಡೀ ಹೆಣ್ಮಕ್ಕಳ ಸಾಲು ಕೈ ಚಾಚ್ತಿದ್ದಿದ್ದು ಇವಳ ಕಡೆಗೇ. ಅರ್ಧವಾರ್ಷಿಕ ಪರೀಕ್ಷೇಲಿ ಕಾವಲಿಗೆ ಬಂದ ಮೇಷ್ಟ್ರು ಇದೇನು ಚೀಟಿ ಅಂತ ಪೊಟ್ಟಣ ಬಿಚ್ಚಿ ಕಣ್ಣ ಹತ್ರ ಹಿಡಿದು ನೋಡಿದ್ರು. ಆಮೇಲೆ ಪರೀಕ್ಷೆ ಮುಗಿಯೋವರೆಗೂ ಅವರು ಸೀನ್ತಾನೇ ಇದ್ರು, ಆ ರೂಮಲ್ಲಿ ಕೂತಿದ್ದೋರೆಲ್ಲಾ ನೆಮ್ಮದಿಯಾಗಿ ಬರೆದ್ರು."

"ವರ್ಷ ಪೂರ್ತಿ ಇವನ ಬಾಯಿಂದ ಬಂದದ್ದು ಪ್ರೆಸೆಂಟ್ ಸಾರ್ ಅಷ್ಟೇ. ಸ್ಕೂಲ್ ಡೇ ನಾಟಕಕ್ಕೆ ಪರದೆ ಹಿಂದೆ ಮಾತು ಹೇಳ್ಕೊಡೋಕೆ ನಿಲ್ಲಿಸಿದ್ರು, ಎಲ್ಲಾ ಪಾತ್ರದ ಮಾತೂ ಇವನಿಗೆ ಬಾಯಿಪಾಠ. ದುರ್ಯೋಧನ ಗದೆ ಎತ್ತಿ ಮಾತು ಮರೆತು ನಿಂತ. ಪರದೆ ಹಿಂದಿಂದ ಬಂದ ಗುಡುಗಿಗೆ ಮುಂದೆ ಕೂತಿದ್ದ ಹೆಡ್ ಮಾಸ್ಟರು ಬೆಚ್ಚಿಬಿದ್ರು, ಜನ ಚಪ್ಪಾಳೆ ಹೊಡೆದ್ರು, ದುರ್ಯೋಧನ ಬಾಯಿ ಮಾತ್ರ ಆಡಿಸ್ಕೊಂಡು ನಾಟಕ ಮುಗಿಸಿದ."

ಮೂರನೇದನ್ನ ನೋಡಿ, ಮಾತಾಡದ ಹುಡುಗ ಅಂತ ಬರೆದು ಬಿಟ್ಟಿದ್ರೆ ಅವನು ಅಲ್ಲಿಗೇ ಮುಗಿದುಹೋಗ್ತಿದ್ದ. ಕೊನೇ ಬೆಂಚಿನವರು, ಸುಮ್ಮನಿದ್ದೋರು, ಹಾಸ್ಟೆಲ್ ಹುಡುಗರು, ಅರ್ಧಕ್ಕೆ ಬಿಟ್ಟವರು, ಇವರ ಬಗ್ಗೆ ಏನೂ ನೆನಪಿಲ್ಲ ಕಣೋ ಅನ್ನೋ ಮಾತು ಬರುತ್ತೆ, ಅಲ್ಲಿ ನಿಲ್ಲಿಸಬೇಡಿ. ನಿಮ್ಮ ಸಮಯದ ಹೆಚ್ಚು ಪಾಲು ಇವರಿಗೆ ಹೋಗಬೇಕು. ಫಸ್ಟ್ ರ‍್ಯಾಂಕ್ ಹುಡುಗಿ ಬಗ್ಗೆ ಎಲ್ಲರಿಗೂ ನೆನಪಿದೆ, ಎಷ್ಟು ಮಾರ್ಕ್ಸ್ ಬಂತು ಅನ್ನೋದೂ ನೆನಪಿದೆ, ಅವಳದ್ದು ತಾನಾಗಿ ಆಗುತ್ತೆ. ಅವಳ ಬಗ್ಗೆ ಬರೀವಾಗ ಮಾರ್ಕ್ಸ್ ಬಿಟ್ಟು ಬೇರೆ ಏನಾದ್ರೂ ಬರೀರಿ, ಪಾಪ ಅವಳಿಗೂ ಮಾರ್ಕ್ಸ್ ಬಿಟ್ಟು ಒಂದು ಬಾಲ್ಯ ಇತ್ತು.

ಫೇಲ್ ಆದವರ ವಿಷಯ. ಆಗ ಒಂದು ಸಬ್ಜೆಕ್ಟ್ ಹೋದ್ರೂ ಊರೆಲ್ಲಾ ಗೊತ್ತಾಗ್ತಿತ್ತು, ಪೇಪರಲ್ಲಿ ನಂಬರ್ ಇಲ್ಲ ಅಂದ್ರೆ ಇಲ್ಲ. ಅದನ್ನ ಮತ್ತೆ ಬರೆಯೋ ಅಗತ್ಯ ಯಾರಿಗೂ ಇಲ್ಲ. ಅವರು ಏನು ಚೆನ್ನಾಗಿ ಮಾಡ್ತಿದ್ರು ಅನ್ನೋದನ್ನ ಹುಡುಕಿ. "ಆಗಸ್ಟ್ 15ಕ್ಕೆ ಮೈಕ್ ಕೂಗಲಿಲ್ಲ ಅಂದ್ರೆ ಎಚ್‌ಎಮ್ ಮೊದಲು ಕೇಳ್ತಿದ್ದಿದ್ದು ಅವನೆಲ್ಲಿ ಅಂತ. ಬಂದು ಬ್ಯಾಟರಿ ಹತ್ರ ಒಂದು ತಂತಿ ಎಳೆದು, ಮೈಕಿಗೆ ಎರಡು ಸಲ ಉಫ್ ಉಫ್ ಅಂದ್ರೆ ಸರಿ ಆಗ್ತಿತ್ತು. ವಿಜ್ಞಾನದ ಮೇಷ್ಟ್ರು ಹೇಗೋ ಮಾಡಿದೆ ಅಂದ್ರೆ, ಗೊತ್ತಿಲ್ಲ ಸಾರ್, ಅದಕ್ಕೆ ನಾನ್ ಹೇಳಿದ್ದು ಅರ್ಥ ಆಗುತ್ತೆ ಅಂದಿದ್ದ." ಇದನ್ನ ಓದಿದ ಅವನ ಮಗಳು ಅಪ್ಪನ ಮುಖ ನೋಡಿ ನಗ್ತಾಳೆ. ಆ ಮಗಳನ್ನ ಕಣ್ಣೆದುರು ಇಟ್ಕೊಂಡೇ ಪ್ರತಿ ಸಾಲನ್ನೂ ಬರೀಬೇಕು ಅನ್ನೋದು ನನ್ನ ಅಭಿಪ್ರಾಯ, ಎಲ್ಲರದ್ದಕ್ಕೂ.

ತೀರ್ಕೊಂಡವರು ಇರ್ತಾರೆ. ಅವರಿಗೆ ಕೊನೇಲಿ ಒಂದು ಕಪ್ಪು ಚೌಕಟ್ಟಿನ ಪುಟ ಮಾಡಿ ಎಲ್ಲರನ್ನೂ ಒಟ್ಟಿಗೆ ಹಾಕೋ ಪದ್ಧತಿ ಇದೆ, ನನಗೆ ಅದು ಇಷ್ಟ ಇಲ್ಲ. ಅವರ ಹೆಸರು ಹಾಜರಿ ಪುಸ್ತಕದಲ್ಲಿ ಎಲ್ಲಿತ್ತೋ ಅಲ್ಲೇ ಬರಲಿ, ಎಲ್ಲರಿಗೂ ಬರೆದ ಹಾಗೇ ನಗೋ ಹಾಗೆ ಬರಲಿ, ಇಸವಿ ಮಾತ್ರ ಕೆಳಗೆ ಸಣ್ಣದಾಗಿ ಇರಲಿ. ಬರೆಯೋ ಮುಂಚೆ ಮನೆಯವರನ್ನ ಭೇಟಿ ಮಾಡಿ, ಫೋನಲ್ಲಿ ಬೇಡ. ಅಮ್ಮಂದಿರು ಇನ್ನೂ ಇದ್ರೆ ಅವರೇ ನಿಮಗೆ ಗೊತ್ತಿಲ್ಲದ ತಮಾಷೆ ಸಂಗತಿ ಹೇಳ್ತಾರೆ, ಸ್ಕೂಲಿಗೆ ಅಂತ ಹೊರಟು ಮಧ್ಯ ದಾರೀಲಿ ಕೆರೆ ಹತ್ರ ಇಳಿದದ್ದು, ಅಪ್ಪನ ಸೈನು ತಾನೇ ಹಾಕಿದ್ದು. ಅವರು ಬೇಡ ಅಂದ್ರೆ ಹೆಸರು ಮತ್ತು ಫೋಟೋ ಅಷ್ಟೇ ಇರಲಿ.

ಇವನು ಇವಳು ಅಂತ ಬರೀಬೇಕಾ, ಇವರು ಅಂತ ಬರೀಬೇಕಾ ಅಂತ ಪ್ರತಿ ಬ್ಯಾಚಲ್ಲೂ ಚರ್ಚೆ ಆಗುತ್ತೆ. ಐವತ್ತು ದಾಟಿದ ಹೆಣ್ಮಗಳನ್ನ ಇವಳು ಅಂತ ಬರೆದ್ರೆ ಅತ್ತೆ ಮನೆಯವರು ಏನಂತಾರೋ ಅನ್ನೋ ಭಯ ಸಹಜ. ಹದಿನಾರು ವರ್ಷದವಳ ಕಥೆ ಹೇಳುವಾಗ ಇವರು ಅಂದ್ರೆ ಕಥೆ ಅಲ್ಲೇ ಸತ್ತುಹೋಗುತ್ತೆ, ಆದ್ದರಿಂದ ಕಥೆ ಏಕವಚನದಲ್ಲೇ ಇರಲಿ, ಕೆಳಗೆ ಈಗಿನ ಊರು ಹೇಳೋ ಒಂದು ಸಾಲು ಬಹುವಚನದಲ್ಲಿ ಇರಲಿ, ಪುಸ್ತಕದ ಮೊದಲ ಪುಟದಲ್ಲಿ ಇದನ್ನ ಹೇಳಿಬಿಡಿ. ಒಬ್ಬರಾದ್ರೂ ನನಗೆ ಬೇಡ ಅಂದ್ರೆ ಅವರದ್ದು ಬದಲಾಯಿಸಿ. ಹಾಗೇ ಅವರವರ ಊರಿನ ಮಾತು ಅವರವರ ಬಾಯಲ್ಲೇ ಇರಲಿ, ಹುಬ್ಬಳ್ಳಿ ಕಡೆಯವನು ಏನಲೇ ಅಂದಿದ್ರೆ ಏನಲೇನೇ, ಮಂಗಳೂರು ಕಡೆಯವಳು ಮಾರಾಯ್ರೆ ಅಂದಿದ್ರೆ ಹಾಗೇ. ಪುಸ್ತಕದ ಕನ್ನಡಕ್ಕೆ ತಿದ್ದಿದ್ರೆ ಧ್ವನಿ ಹೋಗಿಬಿಡುತ್ತೆ.

ಅಮೆರಿಕದ ಹೈಸ್ಕೂಲುಗಳಿಂದ ಎರಡು ಉಪಾಯ ತಗೋಬಹುದು. ಅಲ್ಲಿ ನೂರು ವರ್ಷದ ಹಿಂದೆನೇ ಇಯರ್‌ಬುಕ್ ಅಂತ ಅಚ್ಚು ಹಾಕಿಸ್ತಿದ್ರು, 12ನೇ ಕ್ಲಾಸು ಮುಗಿಸಿ ಹೊರಡೋ ಒಬ್ಬೊಬ್ಬರಿಗೂ ಫೋಟೋ, ಅಡ್ಡಹೆಸರು, ಸೇರಿದ್ದ ಆಟ ಸಂಘಗಳು, ಕೆಳಗೆ ಯಾವುದಾದ್ರೂ ಕವಿಯ ಒಂದು ಸಾಲು. ನಾವು ಆ ಸಾಲಿನ ಜಾಗಕ್ಕೆ ಗಾದೆ ಹಾಕಿದ್ರೆ ಬಹಳ ಚೆನ್ನಾಗಿ ಕೂರುತ್ತೆ. ಪರದೆ ಹಿಂದಿನ ಹುಡುಗನಿಗೆ ತುಂಬಿದ ಕೊಡ ತುಳುಕುವುದಿಲ್ಲ, ಕ್ಲಾಸಿನ ಎಲ್ಲಾ ಜಗಳ ಬಿಡಿಸ್ತಿದ್ದ ಲೀಡರಿಗೆ ಮಾತು ಬಲ್ಲವನಿಗೆ ಜಗಳವಿಲ್ಲ, ಹೋಬಳಿ ಕ್ರೀಡಾಕೂಟದಲ್ಲಿ ನೀರು ಹೊತ್ತು ಆಮೇಲೆ ಕ್ಯಾಪ್ಟನ್ ಆದವಳಿಗೆ ಆಳಾಗಬಲ್ಲವನು ಅರಸಾಗಬಲ್ಲ. ಎರಡನೇದು ಕ್ಲಾಸಿನ ಉಯಿಲು, ಹೋಗೋರು ತಮ್ಮದನ್ನೆಲ್ಲಾ ಚಿಕ್ಕ ಕ್ಲಾಸಿನವರಿಗೆ ಬರೆದುಕೊಡೋ ಆಟ. ಉದ್ದ ಮಂಜ ಕೊನೇ ಬೆಂಚಿನ ಕಿಟಕಿ ಪಕ್ಕದ ಜಾಗವನ್ನ, ಕಿಟಕಿ ಆಚೆಗಿನ ಸೀಬೆ ಕೊಂಬೆ ಸಮೇತ, ಒಂಬತ್ತನೇ ಕ್ಲಾಸ್ ಬಿ ಸೆಕ್ಷನ್ನಿಗೆ ಬರೆದುಕೊಟ್ಟಿದ್ದಾನೆ ಅನ್ನೋ ತರ. ಇದನ್ನ ಎಲ್ಲರೂ ಕೂತು ಒಂದು ಸಂಜೇಲಿ ಬರೀಬಹುದು. ಅವರ ಇಯರ್‌ಬುಕ್ಕಲ್ಲಿ ಭವಿಷ್ಯ ಹೇಳೋ ಪುಟನೂ ಇರ್ತಿತ್ತು, ಇಪ್ಪತ್ತು ವರ್ಷ ಆದ್ಮೇಲೆ ಯಾರು ಏನಾಗ್ತಾರೆ ಅಂತ. ಅದು ಅವರಿಗೆ ಸರಿ, ಹೊರಡೋ ದಿನ ಬರೆದದ್ದು. ನಮಗೆ ಆ ಇಪ್ಪತ್ತು ವರ್ಷ ಆಗಿಹೋಗಿದೆ, ಯಾರಿಗೆ ಏನಾಯ್ತು ಅಂತ ಗೊತ್ತಿದೆ, ಹಾಗಾಗಿ ಅದನ್ನ ಮುಟ್ಟಬೇಡಿ.

ಪುಟಗಳ ಕ್ರಮ ಹಾಜರಿ ಪುಸ್ತಕದ್ದೇ ಇರಲಿ, ಎಲ್ಲರಿಗೂ ಒಂದೇ ಅಳತೆ. ದೇಣಿಗೆ ಜಾಸ್ತಿ ಕೊಟ್ಟವರಿಗೆ ದೊಡ್ಡ ಫೋಟೋ ಅಂತ ಯಾರಾದ್ರೂ ಶುರು ಮಾಡಿದ್ರೆ ಅಲ್ಲೇ ನಿಲ್ಲಿಸಿ, ದೇಣಿಗೆಗೆ ಬೇರೆ ಪುಟದಲ್ಲಿ ಧನ್ಯವಾದ ಹೇಳಿದ್ರಾಯ್ತು. ಫೋಟೋಗೆ ಗ್ರೂಪ್ ಫೋಟೋನ ಸ್ಟುಡಿಯೋದಲ್ಲಿ ಅಥವಾ ಒಳ್ಳೇ ಸ್ಕ್ಯಾನರಲ್ಲಿ ಕನಿಷ್ಠ 600 ಡಿಪಿಐಗೆ (ಸ್ಕ್ಯಾನು ಎಷ್ಟು ಸ್ಪಷ್ಟ ಅನ್ನೋದರ ಅಳತೆ) ಸ್ಕ್ಯಾನ್ ಮಾಡಿಸಿ ಒಬ್ಬೊಬ್ಬರ ಮುಖ ಕತ್ತರಿಸಿಕೊಳ್ಳಿ, ಮೊಬೈಲಲ್ಲಿ ಫೋಟೋದ ಫೋಟೋ ಹೊಡೆದ್ರೆ ಮುಖ ಕಲಸಿಹೋಗುತ್ತೆ. ಈಗಿನ ಫೋಟೋ ಪಕ್ಕದಲ್ಲಿ ಹಾಕೋದು ಬಿಡೋದು ನಿಮ್ಮಿಷ್ಟ, ನಾನಂತೂ ಹಳೇದೊಂದೇ ಸಾಕು ಅಂತೀನಿ.

ಪ್ರೆಸ್ಸಿಗೆ ಕೊಡುವಾಗ ಒಂದು ತಾಪತ್ರಯ ಇದೆ. ನಾವು ಮೊಬೈಲಲ್ಲಿ ಟೈಪ್ ಮಾಡೋದು ಯುನಿಕೋಡಲ್ಲಿ, ಎಷ್ಟೋ ಪ್ರೆಸ್ಸುಗಳು ಇನ್ನೂ ನುಡಿ, ಬರಹ ಅನ್ನೋ ಕನ್ನಡ ಟೈಪಿಂಗ್ ಸಾಫ್ಟ್‌ವೇರುಗಳ ಹಳೇ ಫಾಂಟಲ್ಲಿ ಪುಟ ಕಟ್ತಾರೆ, ಅದಕ್ಕೆ ಬದಲಾಯಿಸೋವಾಗ ಅರ್ಕಾವತ್ತು, ಒತ್ತಕ್ಷರ ಅಲ್ಲಲ್ಲಿ ಎಗರಿಹೋಗ್ತವೆ, ಹೆಸರುಗಳಲ್ಲೇ ಜಾಸ್ತಿ ಆಗೋದು. ಹಾಗಾಗಿ ಪುಟ ಕಟ್ಟಿದ ಮೇಲೆ ಕರಡು ತರಿಸಿ, ಒಬ್ಬರು ಗಟ್ಟಿಯಾಗಿ ಓದಬೇಕು ಇನ್ನೊಬ್ಬರು ಮೂಲ ನೋಡ್ತಾ ಹೋಗಬೇಕು. ಅದೇ ಕರಡಿನ ಅವರವರ ಪುಟವನ್ನ ಅವರವರಿಗೆ ವಾಟ್ಸಾಪ್ ಮಾಡಿ ಒಪ್ಪಿಗೆ ತಗೊಳ್ಳಿ, ಸ್ಮಾರ್ಟ್‌ಫೋನ್ ಇಲ್ಲದವರಿಗೆ ಫೋನಲ್ಲಿ ಓದಿ ಹೇಳಿ. ಒಪ್ಪಿಗೆ ಬರದೆ ಯಾವ ಪುಟನೂ ಅಚ್ಚಿಗೆ ಹೋಗಬಾರದು. ಪುಟಗಳ ಲೆಕ್ಕ ನಾಲ್ಕರ ಮಗ್ಗಿಯಲ್ಲಿ ಬರೋ ಹಾಗೆ ನೋಡ್ಕೊಳ್ಳಿ, 16ರಲ್ಲಿ ಬಂದ್ರೆ ಖರ್ಚು ಕಮ್ಮಿ. ಫೋನ್ ನಂಬರ್ ಪುಸ್ತಕದಲ್ಲಿ ಬೇಡ, ಬೇಕಾದವರಿಗೆ ಗ್ರೂಪಲ್ಲಿ ಸಿಗುತ್ತೆ.

ಕಾರ್ಯಕ್ರಮದ ದಿನ ಪುಸ್ತಕವನ್ನ ಬಿಡುಗಡೆ ಮಾಡಿ ಕಟ್ಟು ಬಿಚ್ಚಿ ಹಂಚಿ ಸುಮ್ಮನಾಗಬೇಡಿ. ಊಟಕ್ಕೆ ಮುಂಚೆ ಒಂದು ಗಂಟೆ ಇಟ್ಕೊಂಡು, ಚೆನ್ನಾಗಿ ಓದೋ ಇಬ್ಬರನ್ನ ನಿಲ್ಲಿಸಿ, ಒಂದೊಂದು ಪರಿಚಯನೂ ಹೆಸರು ಹೇಳದೆ ಓದಿಸಿ, ಸಭೆ ಹೆಸರು ಕೂಗಲಿ. ಮೇಷ್ಟ್ರುಗಳಿಗೇ ಮೊದಲ ಅವಕಾಶ ಕೊಡಿ, ಎಂಬತ್ತು ದಾಟಿದವರು ನಮ್ಮೆಲ್ಲರಿಗಿಂತ ಮುಂಚೆ ಹೆಸರು ಹೇಳೋದನ್ನ ನಾನು ನೋಡಿದೀನಿ, ಇನಿಶಿಯಲ್ ಸಮೇತ. ಹೆಸರು ಬಂದವರು ಎದ್ದು ನಿಲ್ಲಲಿ, ಸ್ಟೇಜಿಗೆ ಬರೋದೇನೂ ಬೇಡ, ಕೆಲವರಿಗೆ ಸಂಕೋಚ ಆಗುತ್ತೆ.

ಬರೋಕಾಗದವರಿಗೆ ಪುಸ್ತಕ ಅದೇ ವಾರ ಅಂಚೆಗೆ ಹೋಗಲಿ, ವಿಳಾಸ ಬರೆದ ಕವರುಗಳನ್ನ ಕಾರ್ಯಕ್ರಮಕ್ಕೆ ಮುಂಚೆನೇ ತಯಾರು ಮಾಡಿಟ್ಕೊಳ್ಳಿ, ಇಲ್ಲ ಅಂದ್ರೆ ಆ ಕಟ್ಟು ಯಾರದ್ದೋ ಕಾರಿನ ಡಿಕ್ಕೀಲಿ ವರ್ಷಗಟ್ಟಲೆ ಉಳಿದುಬಿಡುತ್ತೆ. ಸ್ಕೂಲ್ ಲೈಬ್ರರಿಗೆ ಒಂದೆರಡು ಪ್ರತಿ ಕೊಡಿ, ಅಟೆಂಡರಿಗೊಂದು, ಎಲಚಿ ಹಣ್ಣಿನ ಅಜ್ಜಿ ಮನೆಗೊಂದು. ಮೂಲ ರೆಕಾರ್ಡಿಂಗುಗಳನ್ನ, ಸ್ಕ್ಯಾನ್ ಮಾಡಿದ ಫೋಟೋನ ಅಳಿಸಬೇಡಿ, ಪೆನ್‌ಡ್ರೈವಲ್ಲಿ ಹಾಕಿ ಇಬ್ಬರ ಹತ್ರ ಇಡಿ, ಕಾರ್ಯಕ್ರಮ ಮುಗಿದ ಮೇಲೆ ಗ್ಯಾರಂಟಿ ಇನ್ನೂ ನಾಲ್ಕು ಜನ ಪತ್ತೆ ಆಗ್ತಾರೆ, ಅವರ ಪುಟಗಳನ್ನ ಬರೆದು ಬಿಡಿ ಹಾಳೇಲಿ ಅಚ್ಚು ಹಾಕಿಸಿ ಎಲ್ಲರಿಗೂ ಕಳಿಸಿ.